ಬಂಧನದಿಂದ ನೋಟಿಸಿನವರೆಗೆ: 498ಎ ಆರೋಪಿಯ ಪರ ವಾದ ಬೆಳೆದು ಬಂದ ದಾರಿ

ಮನೆಯ ಜಗಳ ಒಮ್ಮೆ ಕೋರ್ಟ್ ಮೆಟ್ಟಿಲೇರಿದರೆ ಒಂದೇ ಕೇಸಾಗಿ ಉಳಿಯುವುದು ಅಪರೂಪ. ಠಾಣೆಯಲ್ಲಿ ಗಂಡ ಮತ್ತು ಅವನ ಬಂಧುಗಳ ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ ದಂಡ ಸಂಹಿತೆಯ 498ಎ ಕಲಂ ಅಡಿ ದೂರು, ಮ್ಯಾಜಿಸ್ಟ್ರೇಟರ ಮುಂದೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ, ಕೌಟುಂಬಿಕ ನ್ಯಾಯಾಲಯದಲ್ಲಿ ಜೀವನಾಂಶ, ಅಲ್ಲೇ ಪಕ್ಕದಲ್ಲಿ ವಿಚ್ಛೇದನ. ಒಂದೇ ಸಂಸಾರಕ್ಕೆ ನಾಲ್ಕು ಕಡತ. ಆರೋಪ ಹೊತ್ತವರು ಮೊದಲು ಎಡವುವುದು ಇಲ್ಲೇ. 498ಎ ಅಪರಾಧ ಪ್ರಕರಣ, ಮೂರು ವರ್ಷದವರೆಗೆ ಜೈಲುಶಿಕ್ಷೆ ಇದೆ. ‘ಡಿವಿ ಕೇಸ್’ ಎನ್ನುವುದು, ಅಂದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ, ಹೆಚ್ಚಾಗಿ ಸಿವಿಲ್ ಸ್ವರೂಪದ ಪರಿಹಾರ. ಅದರ ಸಮನ್ಸ್ ಬಂದ ಮಾತ್ರಕ್ಕೆ ಯಾರನ್ನೂ ಬಂಧಿಸುವುದಿಲ್ಲ. ಆದರೂ ಅದಕ್ಕೆ ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಹುಡುಕಿ ಓಡಾಡುವವರಿದ್ದಾರೆ, ನಿಜವಾಗಿ ಜಾಮೀನು ಬೇಕಾದ ಕಡೆ ಸುಮ್ಮನಿರುವವರೂ ಇದ್ದಾರೆ.

ಈ ಕಾನೂನುಗಳು ಸುಮ್ಮನೆ ಹುಟ್ಟಿದವಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕಾಗದದಲ್ಲೇ ಉಳಿಯಿತು. ‘ಸೀಮೆಎಣ್ಣೆ ಸ್ಟೌ ಸಿಡಿದು ಸೊಸೆ ಸತ್ತಳು’ ಎಂಬ ಸುದ್ದಿ ಮಾಮೂಲಾಗಿ ಹೋಗಿದ್ದ ಹೊತ್ತಿನಲ್ಲಿ, 1983ರಲ್ಲಿ, ದಂಡ ಸಂಹಿತೆಗೆ 498ಎ ಸೇರಿತು. 1986ರಲ್ಲಿ ವರದಕ್ಷಿಣೆ ಸಾವಿನ ಕಲಂ ಬಂತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಯಾಯಿತು.

498ಎ ಅಡಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಜಾಮೀನು ಹಕ್ಕಲ್ಲ, ಅದು ನ್ಯಾಯಾಲಯದ ವಿವೇಚನೆ. ಹಾಗಾಗಿ ಬಹಳ ವರ್ಷ ಆರೋಪಿ ಪರ ವಕೀಲಿಕೆ ಎಂದರೆ ಬಂಧನ ತಪ್ಪಿಸುವ ಕೆಲಸವೇ ಆಗಿತ್ತು. ಎಫ್‌ಐಆರ್‌ನಲ್ಲಿ ಗಂಡನ ಜೊತೆಗೆ ಅತ್ತೆ, ಮಾವ, ಮದುವೆಯಾಗಿ ಬೇರೆ ಊರು ಸೇರಿದ ನಾದಿನಿ ಎಲ್ಲರ ಹೆಸರೂ ಇರುತ್ತಿತ್ತು. 2005ರಲ್ಲೂ 2010ರಲ್ಲೂ ಸುಪ್ರೀಂ ಕೋರ್ಟ್ ದುರ್ಬಳಕೆಯ ಬಗ್ಗೆ ಎಚ್ಚರಿಸಿತು, ಆದರೆ ಠಾಣೆಯ ಪದ್ಧತಿ ಬದಲಾಗಲಿಲ್ಲ.

ಬದಲಾದದ್ದು 2014ರ ಜುಲೈ 2ರಂದು, ಅರ್ನೇಶ್ ಕುಮಾರ್ ಪ್ರಕರಣದ ತೀರ್ಪಿನಿಂದ. 2012ರಲ್ಲಿ ದೇಶದಾದ್ಯಂತ ಈ ಕಲಂ ಅಡಿ 1,97,762 ಜನರನ್ನು ಬಂಧಿಸಲಾಗಿತ್ತು, ಅವರಲ್ಲಿ 47,951 ಮಂದಿ ಹೆಂಗಸರು ಎಂದು ತೀರ್ಪು ದಾಖಲಿಸಿತು. ದೋಷಾರೋಪ ಪಟ್ಟಿ ಸಲ್ಲಿಕೆಯ ಪ್ರಮಾಣ ಶೇ 93.6, ಶಿಕ್ಷೆಯ ಪ್ರಮಾಣ ಶೇ 15. ಈ ಕೊನೆಯ ಅಂಕಿಯನ್ನು ಹಿಡಿದು ಉಳಿದ ದೂರುಗಳೆಲ್ಲ ಸುಳ್ಳು ಎಂದು ವಾದಿಸುವುದು ತಪ್ಪು. ಸಾಕ್ಷಿ ತಿರುಗಿಬೀಳುವುದು, ವಾಯಿದೆ ಮೇಲೆ ವಾಯಿದೆ ಬಿದ್ದು ದೂರುದಾರಳೇ ದಣಿಯುವುದು, ನಾಲ್ಕು ಗೋಡೆಯ ನಡುವೆ ನಡೆದದ್ದಕ್ಕೆ ಪುರಾವೆ ಸಿಗದಿರುವುದು, ಇವೆಲ್ಲ ಖುಲಾಸೆಯಲ್ಲೇ ಕೊನೆಯಾಗುತ್ತವೆ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಬೇಕು ಎಂಬುದಕ್ಕೆ ಪೊಲೀಸರು ಕಾರಣಪಟ್ಟಿ ಭರ್ತಿ ಮಾಡಬೇಕು, ಮ್ಯಾಜಿಸ್ಟ್ರೇಟರು ಅದನ್ನು ಓದಿ ತೃಪ್ತರಾದರೆ ಮಾತ್ರ ಕಸ್ಟಡಿಗೆ ಒಪ್ಪಬೇಕು, ಬಂಧನ ಬೇಡವಾದರೆ ಎರಡು ವಾರದೊಳಗೆ ಹಾಜರಾತಿ ನೋಟಿಸು ಕೊಡಬೇಕು ಎಂದಿತು ಆ ತೀರ್ಪು. 2024ರ ಜುಲೈ 1ರಿಂದ 498ಎ, ದಂಡ ಸಂಹಿತೆಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ, ನೋಟಿಸು ಬರುವುದು ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 35(3) ಅಡಿ. ಆ ಒಂದು ಹಾಳೆಯಲ್ಲಿ ಮೊದಲು ನೋಡಬೇಕಾದ್ದು ಅಪರಾಧ ಸಂಖ್ಯೆ, ಕಲಂಗಳು, ಹಾಜರಾಗಬೇಕಾದ ದಿನ ಮತ್ತು ವೇಳೆ. ಬರೀ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅದು ಕ್ರಮಬದ್ಧ ಜಾರಿಯಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ಅದನ್ನು ನೋಡಿಯೂ ನೋಡದಂತೆ ಇರುವುದು ಜಾಣತನವಲ್ಲ. ಆ ದಿನ ಹೋಗಲಾಗದಿದ್ದರೆ ಕಾರಣ ಬರೆದು ಬೇರೆ ದಿನ ಕೇಳಿ, ಪತ್ರದ ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಳ್ಳಬೇಕು. ನೋಟಿಸಿನಂತೆ ನಡೆದುಕೊಳ್ಳುವವರೆಗೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಒದಗಿಸಿದಂತೆ.

ಬಂಧುಗಳ ವಿಷಯದಲ್ಲಿ 2022ರ ಕಹಕಶಾನ್ ಕೌಸರ್ ತೀರ್ಪು ಮುಖ್ಯ. ‘ಎಲ್ಲರೂ ಸೇರಿ ಕಿರುಕುಳ ಕೊಟ್ಟರು’ ಎಂಬ ಒಂದೇ ಸಾಲಿನ ಮೇಲೆ ನಂಟರನ್ನೆಲ್ಲ ವಿಚಾರಣೆಗೆ ಎಳೆಯಲಾಗದು ಎಂಬುದು ಅದರ ಸಾರ. ಪ್ರಕರಣ ರದ್ದು ಕೋರಿ ಹೈಕೋರ್ಟಿಗೆ ಹೋಗುವ ನಾದಿನಿ ತನ್ನ ಪಾತ್ರವನ್ನು ಬೇರೆಯಾಗಿಯೇ ಹೇಳಬೇಕು. ದೂರಿನಲ್ಲಿ ತನ್ನ ಹೆಸರು ಬರುವ ಸಾಲುಗಳು ಎಷ್ಟು, ಹೇಳಿದ ದಿನ ತಾನು ಯಾವ ಊರಿನಲ್ಲಿದ್ದೆ, ಅದಕ್ಕೆ ಬಾಡಿಗೆ ಕರಾರೋ ಕಚೇರಿಯ ಹಾಜರಾತಿಯೋ ಇದೆಯೇ ಎಂಬುದನ್ನು ತೋರಿಸಬೇಕು. ಗಂಡನ ವಾದವನ್ನೂ ಅವಳದನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿದರೆ ಅವನ ಮೇಲಿನ ಗಟ್ಟಿ ಆರೋಪದ ನೆರಳು ಅವಳ ಮೇಲೂ ಬೀಳುತ್ತದೆ. ದಿನಾಂಕ, ಜಾಗ, ಗಾಯದ ವೈದ್ಯಕೀಯ ದಾಖಲೆ ಇರುವ ದೂರಾದರೆ ರದ್ದತಿ ಸಿಗುವುದು ಕಷ್ಟ. ಅದಕ್ಕೆ ಉತ್ತರ ಕೊಡಬೇಕಾದ್ದು ಪಾಟೀಸವಾಲಿನಲ್ಲಿ, ದಿನಾಂಕಕ್ಕೆ ದಿನಾಂಕ. ಹೆಂಡತಿಯ ನಡತೆಯ ಮೇಲೆ ಕೆಸರೆರಚುವ ಪ್ರಶ್ನೆಗಳಿಂದ ಆರೋಪಿಗೆ ಸಿಗುವುದು ಏನೂ ಇಲ್ಲ, ಅವಳ ಮೇಲೆ ಮತ್ತೊಂದು ಗಾಯ ಮಾತ್ರ.

498ಎ ದೂರುಗಳನ್ನು ಬಂಧನಕ್ಕೆ ಮೊದಲು ಪರಿಶೀಲಿಸುವ ಕುಟುಂಬ ಕಲ್ಯಾಣ ಸಮಿತಿಗಳ ಕಥೆ ಗೋಜಲಾಗಿದೆ. 2017ರಲ್ಲಿ ಬಂದವು, 2018ರಲ್ಲಿ ಹೋದವು. ಅಲಹಾಬಾದ್ ಹೈಕೋರ್ಟ್ 2022ರಲ್ಲಿ ಬಂಧನಕ್ಕೆ ಎರಡು ತಿಂಗಳ ಕಾಯುವ ಅವಧಿಯ ಜೊತೆ ಇಂಥ ಸಮಿತಿಗಳಿಗಾಗಿ ರೂಪಿಸಿದ ಮಾರ್ಗಸೂಚಿಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಬಂಧನದ ಕಾರಣಪಟ್ಟಿ ನೆಟ್ಟಗೆ ಪಾಲನೆಯಾದರೆ, ಪೆಟ್ಟು ತಿಂದವಳನ್ನೂ ಎರಡು ತಿಂಗಳು ಕಾಯಿಸುವ ಏರ್ಪಾಡು ಬೇಕೇ ಎಂಬ ಪ್ರಶ್ನೆ ಉಳಿದೇ ಇದೆ.

ಡಿವಿ ಅರ್ಜಿಯ ದಾರಿಯೇ ಬೇರೆ. ಸಮನ್ಸ್ ಬಂದರೂ ಹೋಗದಿದ್ದರೆ ಏಕಪಕ್ಷೀಯ ಆದೇಶ ಬರುತ್ತದೆ. ಮೇಲ್ಮನವಿಗೆ ಇರುವುದು 30 ದಿನ, ಅದೂ ಸೆಷನ್ಸ್ ಕೋರ್ಟಿನಲ್ಲಿ. ರಕ್ಷಣಾ ಆದೇಶ ಮುರಿದರೆ ಮಾತ್ರ ಅದು ಅಪರಾಧ, ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ಮನೆ ಅಮ್ಮನ ಹೆಸರಿನಲ್ಲಿದೆ, ಸೊಸೆಗೆ ಹಕ್ಕಿಲ್ಲ’ ಎಂಬ ಹಳೆಯ ವಾದ 2020ರ ಸತೀಶ್ ಚಂದರ್ ಅಹುಜಾ ತೀರ್ಪಿನ ನಂತರ ಹಾಗೇ ನಿಲ್ಲುವುದಿಲ್ಲ. ಅದೇ ವರ್ಷ ರಜನೀಶ್ ತೀರ್ಪು ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದಿತು. ಸಂಬಳ ಮುಚ್ಚಿಟ್ಟವರು ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದೆ ಬಂದಾಗ ಸಿಕ್ಕಿಬೀಳುತ್ತಾರೆ, ಆಮೇಲೆ ಅವರ ನಿಜವಾದ ಮಾತಿಗೂ ಬೆಲೆ ಇರುವುದಿಲ್ಲ. ಬೇರೆ ಕೇಸಿನಲ್ಲಿ ಈಗಾಗಲೇ ಕೊಡುತ್ತಿರುವ ಮೊತ್ತವನ್ನೂ ಅಲ್ಲೇ ತಿಳಿಸಬೇಕು, ಅದನ್ನು ಹೊಂದಾಣಿಕೆ ಮಾಡಲು ಅವಕಾಶವಿದೆ.

ವಾಟ್ಸ್ಆ್ಯಪ್ ಸಂದೇಶಗಳ ಸ್ಕ್ರೀನ್‌ಶಾಟ್ ಮುದ್ರಿಸಿ ಕೊಟ್ಟರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಹ್ಯಾಶ್ ಮೌಲ್ಯವಿರುವ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ಪ್ರಮಾಣಪತ್ರ ಬೇಕು. ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟವರು, ತಮಗೆ ಬೇಡದ ಸಂದೇಶ ಅಳಿಸಿದವರು ಇಲ್ಲಿ ಸೋಲುತ್ತಾರೆ.

ರಾಜಿಯಾದರೂ ಕರ್ನಾಟಕದಲ್ಲಿ 498ಎ ಕೆಳಗಿನ ಕೋರ್ಟಿನಲ್ಲೇ ಮುಗಿಯದು. ಅಪರಾಧ ರಾಜಿಗೆ ಒಳಪಡದ ಕಾರಣ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ರದ್ದತಿ ಪಡೆಯಬೇಕು. ರಾಜಿ ಕೇಸುಗಳಲ್ಲಿ ಹೀಗೆ ರದ್ದು ಮಾಡಬಹುದು ಎಂದದ್ದು 2003ರ ಬಿ.ಎಸ್. ಜೋಶಿ ತೀರ್ಪು. ಅವಿಭಜಿತ ಆಂಧ್ರಪ್ರದೇಶ ಅದೇ ವರ್ಷ ಕಾನೂನು ತಿದ್ದಿ, ನ್ಯಾಯಾಲಯದ ಅನುಮತಿಯೊಂದಿಗೆ ರಾಜಿಗೆ ದಾರಿ ಮಾಡಿಕೊಂಡಿತು.

ಹಣವಿಲ್ಲದ ಆರೋಪಿಗಳಿಗೆ ಇವುಗಳಲ್ಲಿ ಬಹುಪಾಲು ತಲುಪಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗಬೇಕು. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ, ಆರೋಪಿಯಾದ ಅತ್ತೆಗೂ ನಾದಿನಿಗೂ ಅದು ಅನ್ವಯಿಸುತ್ತದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ನೋಟಿಸಿನ ಪ್ರತಿ ಇಟ್ಟು ಒಂದು ಅರ್ಜಿ ಕೊಡಬೇಕು. ಸಹಾಯವಾಣಿ ಸಂಖ್ಯೆ 15100.