ಸವಿತಾ ಸಾವಿನ ನಂತರ ಐರ್ಲೆಂಡಿನ ಕಾನೂನು ಬದಲಾಗಲು ಆರು ವರ್ಷ ಯಾಕೆ ಬೇಕಾಯಿತು?

ಓದುಗರ ಪ್ರಶ್ನೆ: ಬೆಳಗಾವಿಯ ಸವಿತಾ ಹಾಲಪ್ಪನವರ ಐರ್ಲೆಂಡಿನಲ್ಲಿ ತೀರಿಕೊಂಡಿದ್ದು 2012ರಲ್ಲಿ. ಅಲ್ಲಿ ಗರ್ಭಪಾತದ ಕಾನೂನು ಸಡಿಲವಾಗಿದ್ದು 2018ರ ಕೊನೆಗೆ. ಆರೋಗ್ಯ ಸಚಿವರು ಸಂಸತ್ತಿನಲ್ಲಿ ಒಂದು ಮಸೂದೆ ತಂದು ಪಾಸು ಮಾಡಿಸಿದ್ದರೆ ಆಗುತ್ತಿತ್ತಲ್ಲ? ಇಷ್ಟು ವರ್ಷ ಯಾಕೆ ಬೇಕಾಯಿತು?

ಉತ್ತರ: ಸಚಿವರು ಮಸೂದೆ ತಂದಿದ್ದರು. ಸವಿತಾ ತೀರಿಕೊಂಡ ಮರುವರ್ಷವೇ ತಂದರು, ಅದು ಪಾಸೂ ಆಯಿತು. ಆದರೆ ಅದರಲ್ಲಿ ಏನು ಬರೆಯಬಹುದು, ಎಲ್ಲಿಯವರೆಗೆ ಬರೆಯಬಹುದು ಅನ್ನೋದು ಸಚಿವರ ಕೈಯಲ್ಲೂ ಇರಲಿಲ್ಲ, ಸಂಸತ್ತಿನ ಕೈಯಲ್ಲೂ ಇರಲಿಲ್ಲ. 1983ರಲ್ಲಿ ಐರ್ಲೆಂಡಿನ ಜನ ಮತ ಹಾಕಿ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿದ್ದರು. ಹುಟ್ಟದ ಮಗುವಿಗೂ ತಾಯಿಗೂ ಬದುಕುವ ಹಕ್ಕು ಸಮಾನ ಅಂತ ಅದು ಹೇಳುತ್ತಿತ್ತು. ಆಗ ಅದರ ಪರವಾಗಿ ಬಿದ್ದ ಮತ ಶೇ 66.9. ಆ ದೇಶದಲ್ಲಿ ಸಂವಿಧಾನದ ಒಂದು ಸಾಲನ್ನು ತಿದ್ದಬೇಕಾದರೂ ಜನಮತ ಸಂಗ್ರಹ ಆಗಲೇಬೇಕು. ಸಂಸತ್ತಿನಲ್ಲಿ ಎಷ್ಟೇ ದೊಡ್ಡ ಬಹುಮತ ಇದ್ದರೂ ಸಾಲದು.

ನಮಗೆ ಈ ಪ್ರಶ್ನೆ ಏಳುವುದು ಸಹಜ. ಭಾರತದಲ್ಲಿ 1971ರಲ್ಲಿ ಸಂಸತ್ತು ಒಂದು ಸಾಮಾನ್ಯ ಕಾಯ್ದೆ ಮಾಡಿಯೇ ಗರ್ಭಪಾತಕ್ಕೆ ಅವಕಾಶ ಕೊಟ್ಟಿತು. 2021ರಲ್ಲಿ ಇನ್ನೊಂದು ತಿದ್ದುಪಡಿ ಮಾಡಿ, ಕೆಲವು ಸಂದರ್ಭಗಳಲ್ಲಿ 24 ವಾರಗಳವರೆಗೆ ವಿಸ್ತರಿಸಿತು. ಎರಡೂ ಸಲ ಸಂವಿಧಾನ ಮುಟ್ಟಬೇಕಾಗಿರಲಿಲ್ಲ.

ಮೊದಲು 2012ರ ಅಕ್ಟೋಬರ್‌ನಲ್ಲಿ ಏನಾಯಿತು ನೋಡೋಣ. ಅದು ತಿಳಿಯದೆ ಕಾನೂನಿನ ತೊಡಕು ಅರ್ಥವಾಗುವುದಿಲ್ಲ. ಸವಿತಾ 31 ವರ್ಷದ ದಂತವೈದ್ಯೆ. 17 ವಾರದ ಗರ್ಭಿಣಿ. ಅಕ್ಟೋಬರ್ 21ರಂದು ಬೆನ್ನುನೋವು ಅಂತ ಗಾಲ್ವೇ ನಗರದ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಅಂತ ವೈದ್ಯರಿಗೆ ಗೊತ್ತಾಯಿತು, ಅವರಿಗೂ ಹೇಳಿದರು. ಹಾಗಾದರೆ ಗರ್ಭ ತೆಗೆದುಬಿಡಿ ಅಂತ ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಹಾಗಾಗಿ ಆಗುವುದಿಲ್ಲ ಅನ್ನೋ ಉತ್ತರ ಬಂತು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಹರಡಿತು. 24ರಂದು ಗರ್ಭ ತಾನಾಗಿ ಹೋಯಿತು. 28ರಂದು ಸವಿತಾ ತೀರಿಕೊಂಡರು.

2013ರ ಜೂನ್‌ನಲ್ಲಿ ತನಿಖಾ ವರದಿ ಬಂತು. ಭ್ರೂಣದ ಹೃದಯ ನಿಲ್ಲುವವರೆಗೆ ಕಾಯಬೇಕು ಅನ್ನೋದಕ್ಕೆ ಅತಿಯಾದ ಒತ್ತು ಕೊಟ್ಟರು, ತಾಯಿಗೆ ಸೋಂಕು ಏರುತ್ತಿದೆಯೇ ಅಂತ ನೋಡುವುದಕ್ಕೆ ಸಾಕಷ್ಟು ಗಮನ ಕೊಡಲಿಲ್ಲ ಅಂತ ಅದು ಹೇಳಿತು. ಅಂದರೆ ಚಿಕಿತ್ಸೆಯಲ್ಲೂ ಲೋಪ ಇತ್ತು. ಎರಡನ್ನೂ ಹೇಳಬೇಕು. ಚಿಕಿತ್ಸೆಯ ಲೋಪವನ್ನೇ ಮುಂದೆ ಮಾಡಿ ಕಾನೂನನ್ನು ಬಚಾವ್ ಮಾಡುವ ವಾದ ಆಗಲೂ ಕೇಳಿಬಂತು. ನನಗೆ ಅದು ಒಪ್ಪಿಗೆಯಿಲ್ಲ. ಕಾಯುವುದನ್ನು ಕಲಿಸಿದ್ದು ಆ ಕಾನೂನೇ ಅಲ್ವಾ?

ಹೇಗೆ ಅಂತ ಹೇಳುತ್ತೇನೆ. ಆಗಿನ ನಿಯಮದ ಪ್ರಕಾರ ತಾಯಿಯ ಜೀವಕ್ಕೇ ನಿಜವಾದ ಅಪಾಯ ಇದ್ದರೆ ಮಾತ್ರ ಗರ್ಭಪಾತ ಮಾಡಬಹುದಿತ್ತು. ಆರೋಗ್ಯಕ್ಕೆ ಅಪಾಯ ಇದ್ದರೆ ಸಾಲದು. ಕಾಗದದ ಮೇಲೆ ಈ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಹಾಸಿಗೆಯ ಪಕ್ಕ ನಿಂತ ಡಾಕ್ಟರಿಗೆ ಕಾಣುವುದಿಲ್ಲ. ನೀರು ಒಡೆದ ಮೇಲೆ ಗರ್ಭಕೋಶಕ್ಕೆ ಸೋಂಕು ತಗಲುವ ಸಾಧ್ಯತೆ ಗಂಟೆಗಂಟೆಗೂ ಜಾಸ್ತಿಯಾಗುತ್ತದೆ. ಬೆಳಗ್ಗೆ ಸ್ವಲ್ಪ ಜ್ವರ ಇದ್ದವರ ರಕ್ತದೊತ್ತಡ ಸಂಜೆಗೆ ಕುಸಿಯಬಹುದು. ಯಾವ ಗಂಟೆಯಲ್ಲಿ ಇದು ಆರೋಗ್ಯದ ಪ್ರಶ್ನೆಯಿಂದ ಜೀವದ ಪ್ರಶ್ನೆಯಾಯಿತು? ಬೇಗ ನಿರ್ಧರಿಸಿದರೆ ಕ್ರಿಮಿನಲ್ ಕೇಸಿನ ಭಯ, ತಡ ಮಾಡಿದರೆ ರೋಗಿ ಕೈತಪ್ಪುವ ಭಯ. ಆಗ ಜಾರಿಯಲ್ಲಿದ್ದದ್ದು ಬ್ರಿಟಿಷರ ಕಾಲದ 1861ರ ಕಾಯ್ದೆ. ಅದರಲ್ಲಿ ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆಯವರೆಗೆ ಅವಕಾಶ ಇತ್ತು. ಇಂಥ ಕಡೆ ಡಾಕ್ಟರುಗಳು ಕಾಯುತ್ತಾರೆ. ಸೋಂಕು ಕಾಯುವುದಿಲ್ಲ.

ಜೀವಕ್ಕೆ ಅಪಾಯ ಇದ್ದಾಗ ಗರ್ಭಪಾತ ಮಾಡಬಹುದು, ಆತ್ಮಹತ್ಯೆಯ ಅಪಾಯವೂ ಅದರಲ್ಲಿ ಸೇರುತ್ತದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾದ 14 ವರ್ಷದ ಹುಡುಗಿಯ ಪ್ರಕರಣ ಅದು. ತೀರ್ಪು ಬಂತು, ಅದನ್ನು ಜಾರಿ ಮಾಡುವ ಕಾಯ್ದೆ ಬರಲಿಲ್ಲ. ಒಂದಾದ ಮೇಲೊಂದು ಸರ್ಕಾರ ಇದನ್ನು ಮುಟ್ಟಲು ಹೆದರಿತು. ಆತ್ಮಹತ್ಯೆಯ ಕಾರಣವನ್ನು ತೆಗೆದುಹಾಕಲು 1992ರಲ್ಲೂ 2002ರಲ್ಲೂ ಜನಮತ ಕೇಳಿದರು, ಎರಡು ಸಲವೂ ಜನ ಬೇಡ ಅಂದರು. ಇರುವ ಹಕ್ಕನ್ನು ಪಡೆಯಲು ದಾರಿಯೇ ಇಲ್ಲವಲ್ಲ ಅಂತ 2010ರ ಡಿಸೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಐರ್ಲೆಂಡನ್ನು ತಪ್ಪಿತಸ್ಥ ಅಂದಿತು. ಈ ವರ್ಷಗಳಲ್ಲೆಲ್ಲ ಸಾವಿರಾರು ಹೆಂಗಸರು ಇಂಗ್ಲೆಂಡಿಗೆ ಹೋಗಿ ಗರ್ಭಪಾತ ಮಾಡಿಸಿಕೊಂಡು ಬರುತ್ತಿದ್ದರು. ಕಾಸಿದ್ದವರು, ರಜೆ ಸಿಕ್ಕವರು, ವೀಸಾ ತೊಂದರೆ ಇಲ್ಲದವರು ಹೋಗುತ್ತಿದ್ದರು. ಉಳಿದವರ ಪಾಡು ಕೇಳುವವರಿರಲಿಲ್ಲ.

2013ರಲ್ಲಿ ಆರೋಗ್ಯ ಸಚಿವರಾಗಿದ್ದವರು ಜೇಮ್ಸ್ ರೈಲಿ. ಸ್ವತಃ ಡಾಕ್ಟರು. ಅವರು ತಂದ ಮಸೂದೆ ಹೊಸ ಹಕ್ಕೇನೂ ಕೊಡಲಿಲ್ಲ, ಕೊಡುವಂತೆಯೂ ಇರಲಿಲ್ಲ. 1992ರ ತೀರ್ಪನ್ನು ನಿಯಮದ ರೂಪಕ್ಕೆ ತಂದಿತು, ಅಷ್ಟೇ. ತುರ್ತಿದ್ದರೆ ಒಬ್ಬ ಡಾಕ್ಟರು ಸಾಕು. ದೈಹಿಕ ಕಾಯಿಲೆಯಾದರೆ ಇಬ್ಬರು. ಆತ್ಮಹತ್ಯೆಯ ಅಪಾಯವಾದರೆ ಮೂವರು, ಅವರಲ್ಲಿ ಇಬ್ಬರು ಮನೋವೈದ್ಯರು. ಇದನ್ನು ಮೀರಿದರೆ 14 ವರ್ಷದವರೆಗೆ ಜೈಲು. ಆ ಶಿಕ್ಷೆ ಹೆಣ್ಣಿಗೂ ಅನ್ವಯಿಸುತ್ತಿತ್ತು.

ಇಷ್ಟು ಕಿರಿದಾದ ಮಸೂದೆಗೂ ಸಂಸತ್ತಿನಲ್ಲಿ ರಾತ್ರಿಯಿಡೀ ವಾದ ನಡೆಯಿತು. ಜುಲೈ 11ರ ಮಧ್ಯರಾತ್ರಿ ದಾಟಿದ ಮೇಲೆ, ಅಂದರೆ 12ರಂದು, 127ಕ್ಕೆ 31 ಮತಗಳಿಂದ ಪಾಸಾಯಿತು. ಆಳುವ ಫಿನಾ ಗೇಲ್ ಪಕ್ಷದ ರಾಜ್ಯ ಸಚಿವೆ ಲುಸಿಂಡಾ ಕ್ರೈಟನ್ ವಿರುದ್ಧ ಮತ ಹಾಕಿ ಹುದ್ದೆ ಕಳೆದುಕೊಂಡರು. ಅವರ ಮುಖ್ಯ ತಕರಾರು ಆತ್ಮಹತ್ಯೆಯ ಕಲಮಿನ ಬಗ್ಗೆ ಇತ್ತು.

ಅದೇ ರೈಲಿ ಅವರಿಗೆ ಅದೇ ಹೊತ್ತಿನಲ್ಲಿ ಇನ್ನೊಂದು ತಲೆನೋವಿತ್ತು, ಮೆಡಿಕಲ್ ಕಾರ್ಡ್. ಐರ್ಲೆಂಡಿನಲ್ಲಿ ಕಡಿಮೆ ಆದಾಯದವರಿಗೆ ಈ ಕಾರ್ಡ್ ಸಿಗುತ್ತದೆ. ಕಾರ್ಡ್ ಇದ್ದರೆ ಡಾಕ್ಟರ ಭೇಟಿಗೆ, ಆಸ್ಪತ್ರೆಗೆ ದುಡ್ಡು ಕೊಡಬೇಕಿಲ್ಲ. ಇಲ್ಲದವರು ಆಗ ಡಾಕ್ಟರನ್ನು ಒಂದು ಸಲ ನೋಡಲು ಸುಮಾರು 50–60 ಯೂರೋ ತೆರಬೇಕಿತ್ತು. ಆದಾಯ ಮಿತಿ ಮೀರಿದ್ದರೂ ಗಂಭೀರ ಕಾಯಿಲೆ ಇದೆ ಅಂತ ವಿಶೇಷವಾಗಿ ಕೊಟ್ಟ ಕಾರ್ಡುಗಳೂ ಇದ್ದವು. ಆರ್ಥಿಕ ಬಿಕ್ಕಟ್ಟಿನ ಆ ದಿನಗಳಲ್ಲಿ ಸರ್ಕಾರ ಅವನ್ನು ಮರುಪರಿಶೀಲನೆ ಮಾಡಲು ಹೊರಟಿತು. ಅಂಗವೈಕಲ್ಯ ಇರುವ ಮಕ್ಕಳು, ಕ್ಯಾನ್ಸರ್ ರೋಗಿಗಳು ಕಾರ್ಡ್ ಕಳೆದುಕೊಂಡರು. ಸಂಸತ್ತಿನಲ್ಲಿ ಸಚಿವರನ್ನು ದಿನವೂ ತರಾಟೆಗೆ ತೆಗೆದುಕೊಂಡರು. 2014ರ ಮೇ ತಿಂಗಳ ಚುನಾವಣೆಯಲ್ಲಿ ಆಳುವ ಪಕ್ಷಗಳಿಗೆ ಜೋರು ಪೆಟ್ಟು ಬಿತ್ತು. ಕೆಲವೇ ವಾರಗಳಲ್ಲಿ ಪರಿಶೀಲನೆ ನಿಂತಿತು, ಸಾವಿರಾರು ಕಾರ್ಡುಗಳು ವಾಪಸ್ ಬಂದವು. ಜುಲೈನಲ್ಲಿ ರೈಲಿ ಅವರ ಖಾತೆಯೂ ಹೋಯಿತು, ಲಿಯೋ ವರಾಡ್ಕರ್ ಆರೋಗ್ಯ ಸಚಿವರಾದರು.

ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡು ಜಗಳಗಳ ನಡುವೆಯೇ ಇದೆ. ಮೆಡಿಕಲ್ ಕಾರ್ಡ್ ಸರ್ಕಾರದ ನಿರ್ಧಾರ. ಜನ ಸಿಟ್ಟಾದರೆ ಸಚಿವ ಸಂಪುಟ ಕೂತು ಅದನ್ನು ತಿರುಗಿಸಬಹುದು. ಗರ್ಭಪಾತದ ವಿಷಯದಲ್ಲಿ ಜನ ಬೀದಿಗಿಳಿದರೂ, ಸಚಿವರಿಗೇ ಮನಸ್ಸಿದ್ದರೂ, ಸಂವಿಧಾನದ ಆ ಸಾಲು ಇರುವ ತನಕ ಸಂಸತ್ತು ಒಂದು ಹೆಜ್ಜೆ ಆಚೆ ಇಡುವಂತಿರಲಿಲ್ಲ.

ಆ ಸಾಲು ತೆಗೆಯುವುದಕ್ಕೇ ಸಮಯ ಹಿಡಿಯಿತು. ಇದರ ಒಂದು ಭಾಗ ರಾಜಕಾರಣಿಗಳ ಅಂಜಿಕೆ. ಇನ್ನೊಂದು ಭಾಗ ನನಗೆ ನಿಜಕ್ಕೂ ಮೆಚ್ಚುಗೆಯಾದ ಕೆಲಸ. 2016ರಲ್ಲಿ 99 ಮಂದಿ ಸಾಮಾನ್ಯ ನಾಗರಿಕರನ್ನು ಆರಿಸಿ, ಸುಪ್ರೀಂ ಕೋರ್ಟ್ ನ್ಯಾಯಾಧೀಶೆ ಮೇರಿ ಲಫಾಯ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಭೆ ಮಾಡಿದರು. ಆ ಜನ ವಾರಾಂತ್ಯಗಳಲ್ಲಿ ಕೂತು ವೈದ್ಯರು, ವಕೀಲರು, ಪರ ವಿರೋಧದ ಸಂಘಟನೆಗಳು, ಈ ಕಷ್ಟ ಉಂಡ ಹೆಂಗಸರು, ಎಲ್ಲರ ಮಾತು ಕೇಳಿದರು. ಕೊನೆಗೆ ರಾಜಕಾರಣಿಗಳು ಊಹಿಸಿದ್ದಕ್ಕಿಂತ ದೊಡ್ಡ ಬದಲಾವಣೆ ಬೇಕು ಅಂದರು. ಆಮೇಲೆ ಸಂಸತ್ತಿನ ಸಮಿತಿ ಅದನ್ನು ಪರಿಶೀಲಿಸಿತು. ಆಗಿನ ಆರೋಗ್ಯ ಸಚಿವ ಸೈಮನ್ ಹ್ಯಾರಿಸ್, ರಾಜಕೀಯಕ್ಕೆ ಬಂದಾಗ ಗರ್ಭಪಾತವನ್ನು ವಿರೋಧಿಸುತ್ತಿದ್ದವರು, ಈಗ ಬದಲಾವಣೆಯ ಪರ ಪ್ರಚಾರಕ್ಕೆ ಇಳಿದರು. 2018ರ ಮೇ 25ರಂದು ಮತದಾನ ನಡೆಯಿತು. ತಿದ್ದುಪಡಿ ತೆಗೆಯಿರಿ ಅಂದವರು ಶೇ 66.4. 35 ವರ್ಷ ಹಿಂದೆ ಸೇರಿಸಿದಾಗ ಬಿದ್ದ ಪಾಲಿನಷ್ಟೇ ಹೆಚ್ಚುಕಡಿಮೆ ಮತ, ಈ ಸಲ ತೆಗೆಯಲು. ಡಬ್ಲಿನ್‌ನಲ್ಲಿ ಗೋಡೆಯ ಮೇಲೆ ಸವಿತಾ ಚಿತ್ರ ಬಿಡಿಸಿದ್ದರು. ಮತ ಹಾಕಿದವರು ಅದರ ಮೇಲೆ ಚೀಟಿ ಅಂಟಿಸಿ, ಹೂವಿಟ್ಟು ಹೋದರು.

ಹೊಸ ಕಾಯ್ದೆ ಡಿಸೆಂಬರ್ 20ರಂದು ಸಹಿಯಾಗಿ, 2019ರ ಜನವರಿ 1ರಿಂದ ಸೇವೆ ಶುರುವಾಯಿತು. ಮೊದಲ 12 ವಾರ ಹೆಣ್ಣು ಕಾರಣ ಕೊಡಬೇಕಿಲ್ಲ. ಆಮೇಲೆ, ಭ್ರೂಣ ಹೊರಗೆ ಬದುಕಬಲ್ಲಷ್ಟು ಬೆಳೆಯುವ ತನಕ, ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿ, ಎರಡರಲ್ಲಿ ಯಾವುದಿದ್ದರೂ ಇಬ್ಬರು ಡಾಕ್ಟರು ನಿರ್ಧರಿಸಬಹುದು. ತುರ್ತಿದ್ದರೆ ಒಬ್ಬರೇ ಸಾಕು. ಗರ್ಭದಲ್ಲೇ ಅಥವಾ ಹುಟ್ಟಿದ 28 ದಿನದೊಳಗೆ ಮಗು ಸಾಯುವಂಥ ದೋಷ ಇದ್ದರೂ ಅವಕಾಶ ಇದೆ. ಹೆಣ್ಣಿಗೆ ಶಿಕ್ಷೆ ಇಲ್ಲ.

ಈ ಚರ್ಚೆಯಲ್ಲಿ ದುಡ್ಡಿನ ವಿಷಯವೂ ಬಂತು. ಸರ್ಕಾರಿ ಹಣ ಇದಕ್ಕೆ ಬಳಸಬಾರದು ಅಂತ ಕೆಲವು ಸದಸ್ಯರು ಹಟ ಹಿಡಿದರು. ಹ್ಯಾರಿಸ್ ಒಪ್ಪಲಿಲ್ಲ. ಮೆಡಿಕಲ್ ಕಾರ್ಡ್ ಇರಲಿ ಇಲ್ಲದಿರಲಿ, ದೇಶದಲ್ಲಿ ವಾಸವಿರುವ ಎಲ್ಲರಿಗೂ ಉಚಿತ ಅಂತ ಕಾಯ್ದೆಯಲ್ಲೇ ಬರೆಸಿದರು. ಆರಂಭದಲ್ಲಿ ಡಾಕ್ಟರಿಗೆ ಸರ್ಕಾರ ಪ್ರತಿ ಪ್ರಕರಣಕ್ಕೆ 450 ಯೂರೋ ಕೊಡುತ್ತಿತ್ತು. ನನ್ನ ಮಟ್ಟಿಗೆ ಇದು ಇಡೀ ಕಾಯ್ದೆಯ ಅತಿ ಮುಖ್ಯ ಭಾಗ. ಕಾನೂನು ಹಕ್ಕು ಕೊಟ್ಟು ಬಿಲ್ಲು ಹೆಣ್ಣಿನ ಕೈಗಿತ್ತಿದ್ದರೆ, ಇಂಗ್ಲೆಂಡಿನ ಟಿಕೆಟ್ ಕೊಳ್ಳಲಾಗದವರು ಊರಲ್ಲೂ ಹೊರಗೇ ನಿಲ್ಲುತ್ತಿದ್ದರು.

ಹಾಗಂತ ಕೆಲಸ ಮುಗಿದಿಲ್ಲ. ಮೊದಲ ಭೇಟಿಯಾದ ಮೇಲೆ ಮೂರು ದಿನ ಕಾಯಲೇಬೇಕು. 12 ವಾರದ ಅಂಚಿನಲ್ಲಿರುವವರಿಗೆ ಈ ಮೂರು ದಿನ ದೊಡ್ಡ ಹೊಡೆತ. ಹಳ್ಳಿ ಕಡೆಯವರಿಗೆ ಹತ್ತಿರದಲ್ಲಿ ಈ ಸೇವೆ ಕೊಡುವ ಡಾಕ್ಟರು ಸಿಗುವುದೇ ಕಷ್ಟ. ಕಾಯ್ದೆ ಮೀರಿದ ಡಾಕ್ಟರಿಗೆ 14 ವರ್ಷದ ಶಿಕ್ಷೆ ಹಾಗೇ ಉಳಿದಿದೆ. 2023ರಲ್ಲಿ ಸರ್ಕಾರವೇ ಮಾಡಿಸಿದ ಪರಾಮರ್ಶೆಯಲ್ಲಿ ವಕೀಲೆ ಮೇರಿ ಓಶೇ ಅವರು ಕಾಯುವುದನ್ನು ಕಡ್ಡಾಯ ಮಾಡಬೇಡಿ, ಡಾಕ್ಟರುಗಳ ಮೇಲಿನ ಕ್ರಿಮಿನಲ್ ಶಿಕ್ಷೆ ತೆಗೆಯಿರಿ ಅಂತ ಶಿಫಾರಸು ಮಾಡಿದರು. 2024 ಮುಗಿಯುವ ಹೊತ್ತಿಗೂ ಆ ಎರಡು ಬದಲಾವಣೆ ಆಗಿರಲಿಲ್ಲ. ಇವಕ್ಕೆ ಜನಮತ ಸಂಗ್ರಹ ಬೇಕಿಲ್ಲ. ನೀವು ಕೇಳಿದ ಹಾಗೆ, ಆರೋಗ್ಯ ಸಚಿವರು ಸಂಸತ್ತಿನಲ್ಲಿ ಒಂದು ಮಸೂದೆ ತಂದು ಪಾಸು ಮಾಡಿಸಿದರೆ ಈಗ ಸಾಕು.