ಟೆಂಡರ್ ಸಿಕ್ಕಿತು, ಬಿಲ್ ಯಾವಾಗ?

ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡಿರುವ ಪರಿಚಯದವರೊಬ್ಬರು ಮೊನ್ನೆ ಕೇಳಿದರು: ‘ಸಣ್ಣ ಉದ್ಯಮಕ್ಕೆ ಸರ್ಕಾರಿ ಖರೀದಿಯಲ್ಲಿ ಮೀಸಲು ಇದೆ ಅಂತಾರಲ್ಲ, ಅದರಲ್ಲಿ ನನಗೆ ಯಾವುದು ಸಿಗುತ್ತೆ?’ ಸಣ್ಣ ಉದ್ಯಮ ಅಂತ ನೋಂದಾಯಿಸಿದ್ದಕ್ಕೆ ಸಿಗುವ ಉದ್ಯಮ್ ಸರ್ಟಿಫಿಕೇಟ್ ಮೇಜಿನ ಮೇಲಿತ್ತು, ಆನ್‌ಲೈನ್ ಟೆಂಡರ್‌ಗೆ ಬೇಕಾದ ಡಿಜಿಟಲ್ ಸಹಿಯ ಟೋಕನ್ ಡ್ರಾಯರ್‌ನಲ್ಲಿತ್ತು. ನನ್ನ ಹತ್ತಿರ ಒಂದು ಸಾಲಿನ ಉತ್ತರ ಇರಲಿಲ್ಲ.

ಮಾತು ಹಳೆಯದು. 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮ ಹುಟ್ಟಿದಾಗಿನಿಂದ ಸಣ್ಣವರಿಂದಲೂ ಕೊಳ್ಳಿ ಅಂತ ಹೇಳುತ್ತಲೇ ಬಂದರು. ಅದಕ್ಕೆ ಕಾನೂನಿನ ಬಲ ಬರುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ) ಕಾಯ್ದೆ ದಾರಿ ಮಾಡಿತು, 2012ರ ಖರೀದಿ ನೀತಿ ಆದೇಶ ಲೆಕ್ಕ ಹಾಕಿತು. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ ಶೇ 20ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು. 2015ರಿಂದ ಇದು ಕಡ್ಡಾಯವಾಯಿತು. 2019ರಿಂದ ಶೇ 25. ಅದರೊಳಗೆ ಪರಿಶಿಷ್ಟರ ಘಟಕಗಳಿಗೆ ಶೇ 4, ಮಹಿಳೆಯರ ಘಟಕಗಳಿಗೆ ಶೇ 3.

ಜನ ಎಡವುವುದು ‘ಎಲ್-1 ಪ್ಲಸ್ 15’ ಎಂಬಲ್ಲಿ. ಎಲ್-1 ಅಂದರೆ ಟೆಂಡರ್‌ನಲ್ಲಿ ಎಲ್ಲರಿಗಿಂತ ಕಡಿಮೆ ದರ ಹಾಕಿದವರು. ಒಂದು ಬೇರಿಂಗ್ ಬುಷ್‌ಗೆ ದೊಡ್ಡ ಕಂಪನಿ 100 ರೂಪಾಯಿ ಹಾಕಿ ಎಲ್-1 ಆಯಿತು ಅಂದುಕೊಳ್ಳಿ. ನಮ್ಮ ಲೇತ್‌ನವರು ಹಾಕಿದ್ದು 112. ಶೇ 15ರ ಒಳಗೆ ಇರುವುದರಿಂದ ಅವರನ್ನು ಕರೆಯುತ್ತಾರೆ. ಆದರೆ 112 ಕೊಡಲು ಅಲ್ಲ, ‘ನೀವೂ 100ಕ್ಕೆ ಒಪ್ಪುತ್ತೀರಾ’ ಎಂದು ಕೇಳಲು. ಒಪ್ಪಿದರೆ ಆರ್ಡರ್‌ನ ಒಂದು ಪಾಲು ಸಿಗುತ್ತದೆ. ಕಬ್ಬಿಣ ತಂದಿದ್ದು ಚಿಲ್ಲರೆ ದರದಲ್ಲಿ, ಮಾರಬೇಕಾದದ್ದು ಸಗಟು ಕೊಳ್ಳುವವರ ದರದಲ್ಲಿ. ಬಾಗಿಲು ತೆರೆದಿದೆ, ಹೊಸ್ತಿಲು ಮಾತ್ರ ಸ್ವಲ್ಪ ಎತ್ತರ, ಅಲ್ವಾ?

ಈ ನೀತಿಯಡಿ ಇಎಂಡಿ, ಅಂದರೆ ಟೆಂಡರ್ ಹಾಕುವಾಗ ಇಡಬೇಕಾದ ಠೇವಣಿ ಬೇಡ, ಟೆಂಡರ್ ಫಾರಂ ಉಚಿತ. ಇವು ನಿಜಕ್ಕೂ ಕೈಗೆ ಸಿಗುವ ಅನುಕೂಲಗಳು. ಆದರೆ ಬರೀ ಕೊಂಡು ಮಾರುವವರಿಗೆ ಇಲ್ಲ, ಕಟ್ಟಡ ಕಾಮಗಾರಿಗೂ ಇಲ್ಲ. ರಾಜ್ಯದ ಕಚೇರಿಗಳು ಈ ಆದೇಶದ ವ್ಯಾಪ್ತಿಗೇ ಬರುವುದಿಲ್ಲ. ಅಲ್ಲಿ ನಡೆಯುವುದು 1999ರ ಕೆಟಿಪಿಪಿ ಕಾಯ್ದೆ, ಅಂದರೆ ಕರ್ನಾಟಕದ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ. ಅದರಲ್ಲಿ ನಾವು ಸುದ್ದಿಯಲ್ಲಿ ಓದುವ ಶೇ 17.15 ಮತ್ತು 6.95ರ ಮೀಸಲು ಪರಿಶಿಷ್ಟ ಜಾತಿ, ಪಂಗಡಗಳ ಗುತ್ತಿಗೆದಾರರ ಕಾಮಗಾರಿಗಳದ್ದು. ಎಷ್ಟು ಮೊತ್ತದ ಕಾಮಗಾರಿವರೆಗೆ ಈ ಮೀಸಲು ಎಂಬ ಮಿತಿ 50 ಲಕ್ಷ ರೂಪಾಯಿ ಇತ್ತು, 2023ರಲ್ಲಿ 1 ಕೋಟಿಗೆ ಏರಿತು. ಅದು ಬೇರೆ ನ್ಯಾಯದ ಪ್ರಶ್ನೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಮಾತಾಡುವುದರಿಂದಲೇ ಗೊಂದಲ ಜಾಸ್ತಿ.

2016ರಲ್ಲಿ ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಬಂದ ಮೇಲೆ ಕಚೇರಿ ಅಲೆಯುವುದು ತಪ್ಪಿತು. ತಪ್ಪದೇ ಉಳಿದದ್ದು ಹಣಕ್ಕೆ ಕಾಯುವುದು. 2006ರ ಅದೇ ಕಾಯ್ದೆ, ಮಾಲು ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅನ್ನುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ. ಮಾಲು ತಲುಪಿ 15 ದಿನದಲ್ಲಿ ಲಿಖಿತ ತಕರಾರು ಬರದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ.

ಇದನ್ನು ಹೇಳಿದಾಗ ಅವರು ಫೈಲಿನಿಂದ ಒಂದು ಡೆಲಿವರಿ ಚಲನ್ ತೆಗೆದು ದಿನ ಎಣಿಸಿದರು. ತೊಂಬತ್ತು ದಾಟಿತ್ತು. ಬಡ್ಡಿ ಕೇಳಿ ಪತ್ರ ಬರೆಯೋಣವೇ ಅಂದೆ. ‘ಮುಂದಿನ ತಿಂಗಳು ಅಲ್ಲೇ ಇನ್ನೊಂದು ಟೆಂಡರ್ ಇದೆ ಸಾರ್’ ಎಂದು ಚಲನ್ ವಾಪಸ್ ಫೈಲಿಗೆ ಹಾಕಿದರು.