ತ್ರಿಕೂಟ ಯಾವುದು ಅಂತ ರೀಸನರ್‌ಗೆ ತಿಳಿಸುವುದು ಹೇಗೆ?

ಆಂಟಾಲಜಿ (ಒಂದು ವಿಷಯದ ವಸ್ತುಗಳು, ಅವುಗಳ ವರ್ಗ, ಸಂಬಂಧಗಳನ್ನು ಕಂಪ್ಯೂಟರ್‌ಗೆ ತಿಳಿಯುವಂತೆ ಬರೆದಿಡುವುದು) ಕಲಿಯಲು ಕೂತವರಿಗೆಲ್ಲ ಮೊದಲು ಸಿಗುವುದು ಪಿಜ್ಜಾ ಉದಾಹರಣೆ. ಹಾಸನ, ಚಿಕ್ಕಮಗಳೂರಿನಲ್ಲಿ ಇದ್ದುಕೊಂಡು ನಮಗೆ ಪಿಜ್ಜಾ ಯಾಕೆ? ಹೊಯ್ಸಳರ ಗುಡಿಗಳನ್ನೇ ತಗೊಳ್ಳೋಣ.

ಗರ್ಭಗುಡಿ ಒಂದಿದ್ದರೆ ಏಕಕೂಟ, ಎರಡಿದ್ದರೆ ದ್ವಿಕೂಟ, ಮೂರಿದ್ದರೆ ತ್ರಿಕೂಟ, ನಾಲ್ಕಿದ್ದರೆ ಚತುಷ್ಕೂಟ. ಅಮೃತಪುರದ ಅಮೃತೇಶ್ವರ ಏಕಕೂಟ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ, ಶಾಂತಲೇಶ್ವರ ಎರಡೂ ಇರುವುದರಿಂದ ಅದು ದ್ವಿಕೂಟ. ಬೆಳವಾಡಿಯಲ್ಲಿ ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ, ಅಂದರೆ ತ್ರಿಕೂಟ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಚತುಷ್ಕೂಟ. ಇಲ್ಲಿ ಒಂದೊಂದು ಗುಡಿಯೂ ಒಂದು ಇಂಡಿವಿಜುವಲ್ (ಬಿಡಿ ವಸ್ತು), ಒಂದೊಂದು ಗರ್ಭಗುಡಿಯೂ ಅಷ್ಟೇ. ಯಾವ ಗುಡಿ ಯಾವ ಕ್ಲಾಸಿಗೆ (ವರ್ಗಕ್ಕೆ) ಸೇರುತ್ತದೆ ಅಂತ ನಾವು ಹೇಳುವುದಿಲ್ಲ, ರೀಸನರ್, ಅಂದರೆ ಬರೆದದ್ದರಿಂದ ತರ್ಕ ಮಾಡುವ ಪ್ರೋಗ್ರಾಮ್, ಕಂಡುಕೊಳ್ಳಬೇಕು.

ರೂಲ್ ಬರೆಯಲು ಸ್ವರ್ಲ್ (SWRL) ಇದೆ. 2004ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿಗೆ ಸಲ್ಲಿಕೆಯಾದ ಭಾಷೆ ಅದು. ಪ್ರೊಟೆಜೆ ಅನ್ನುವ ಆಂಟಾಲಜಿ ಎಡಿಟರ್‌ನಲ್ಲಿ ಬರೆಯಬಹುದು. ಬಾಣದ ಎಡಗಡೆ ಷರತ್ತು, ಬಲಗಡೆ ತೀರ್ಮಾನ; ∧ ಅಂದರೆ ‘ಮತ್ತು’, ?ಗ ಥರದವು ವೇರಿಯಬಲ್:

ಗುಡಿ(?ಗ) ∧ ಗರ್ಭಗುಡಿ_ಇದೆ(?ಗ, ?ಅ) ∧ ಗರ್ಭಗುಡಿ_ಇದೆ(?ಗ, ?ಬ) ∧ ಗರ್ಭಗುಡಿ_ಇದೆ(?ಗ, ?ಕ) ∧ ಬೇರೆ(?ಅ, ?ಬ) ∧ ಬೇರೆ(?ಬ, ?ಕ) ∧ ಬೇರೆ(?ಅ, ?ಕ) → ತ್ರಿಕೂಟ(?ಗ)

ಇಲ್ಲಿ ‘ಬೇರೆ’ ಅಂದರೆ ಡಿಫರೆಂಟ್‌ಫ್ರಮ್. ನೋಡಲು ಸರಿಯಾಗಿಯೇ ಇದೆ ಅಲ್ವಾ? ಓಡಿಸಿದರೆ ಬೆಳವಾಡಿ ಕೂಡ ಬರುವುದಿಲ್ಲ. ಹೆಸರು ಬೇರೆ ಆದ ಮಾತ್ರಕ್ಕೆ ವಸ್ತು ಬೇರೆ ಅಂತ ಔಲ್ (ಆಂಟಾಲಜಿ ಬರೆಯುವ ಭಾಷೆ, OWL) ಒಪ್ಪುವುದಿಲ್ಲ. ವೇಣುಗೋಪಾಲನ ಗರ್ಭಗುಡಿ, ಯೋಗನರಸಿಂಹನ ಗರ್ಭಗುಡಿ ಎರಡೂ ಒಂದೇ ಇರಬಹುದು ಅಂತಲೇ ಅದರ ಲೆಕ್ಕ. ಹಾಗಾಗಿ ಗರ್ಭಗುಡಿಗಳನ್ನೆಲ್ಲ ಆಯ್ಕೆ ಮಾಡಿ, ಇವೆಲ್ಲ ಬೇರೆ ಬೇರೆ ಅಂತ ಮೊದಲು ಘೋಷಿಸಬೇಕು.

ಈಗ ಬೆಳವಾಡಿ ಬರುತ್ತದೆ. ಜೊತೆಗೆ ದೊಡ್ಡಗದ್ದವಳ್ಳಿಯೂ ಬರುತ್ತದೆ! ನಾಲ್ಕು ಇರುವ ಕಡೆ ಮೂರೂ ಇದ್ದೇ ಇರುತ್ತವಲ್ಲ. ನಮ್ಮ ರೂಲ್ ಹೇಳಿದ್ದು ‘ಕನಿಷ್ಠ ಮೂರು’ ಅಂತ, ‘ಮೂರೇ’ ಅಂತಲ್ಲ. ತ್ರಿಕೂಟ, ಚತುಷ್ಕೂಟ ಎರಡೂ ಡಿಸ್‌ಜಾಯಿಂಟ್ (ಎರಡಕ್ಕೂ ಸೇರುವ ಗುಡಿ ಇರುವಂತಿಲ್ಲ) ಅಂತ ಹೇಳಿ, ಚತುಷ್ಕೂಟಕ್ಕೂ ಹೀಗೇ ರೂಲ್ ಬರೆದಿದ್ದರೆ ಇನ್ನೂ ಕಷ್ಟ. ಒಂದೇ ಗುಡಿ ಎರಡಕ್ಕೂ ಸೇರಿ ಇಡೀ ಆಂಟಾಲಜಿಯೇ ಅಸಂಗತ ಅಂತ ರೀಸನರ್ ನಿಂತುಬಿಡುತ್ತದೆ.

‘ನಾಲ್ಕನೆಯದು ಇಲ್ಲದಿದ್ದರೆ’ ಅಂತ ಸೇರಿಸೋಣ ಅಂದರೆ ಸ್ವರ್ಲ್‌ನಲ್ಲಿ ಅದಕ್ಕೆ ದಾರಿಯಿಲ್ಲ. ಫೈಲಿನಲ್ಲಿ ಬರೆದಿಲ್ಲ ಅನ್ನುವುದು, ನಿಜವಾಗಿ ಇಲ್ಲ ಅನ್ನುವುದು ಇಲ್ಲಿ ಬೇರೆ ಬೇರೆ. ಇದನ್ನೇ ಓಪನ್ ವರ್ಲ್ಡ್ ಅನ್ನುತ್ತಾರೆ. ಇದೊಂದು ತಲೆಗೆ ಹತ್ತಿದರೆ ಮುಕ್ಕಾಲು ಗೊಂದಲ ಹೋಗುತ್ತದೆ.

ಇಲ್ಲಿ ರೂಲ್ ಬಿಟ್ಟು ಕ್ಲಾಸಿನ ವ್ಯಾಖ್ಯೆಯೇ ವಾಸಿ. ತ್ರಿಕೂಟ ಅಂದರೆ ‘ಗುಡಿ ಮತ್ತು ಗರ್ಭಗುಡಿ_ಇದೆ ಎಕ್ಸಾಕ್ಟ್ಲಿ 3’ ಅಂತ ಈಕ್ವಿವಲೆಂಟ್ ಕ್ಲಾಸ್ (ಎರಡೂ ಒಂದೇ ಅರ್ಥದ ವರ್ಗ) ಮಾಡಿ. ದೊಡ್ಡಗದ್ದವಳ್ಳಿ ತಾನಾಗಿಯೇ ಹೊರಗೆ ಹೋಗುತ್ತದೆ, ಯಾಕೆಂದರೆ ಬೇರೆ ಬೇರೆಯಾದ ನಾಲ್ಕು ಕಣ್ಣೆದುರಿಗೇ ಇವೆ. ಬೆಳವಾಡಿ ಮಾತ್ರ ಇನ್ನೂ ಒಳಗೆ ಬರುವುದಿಲ್ಲ. ಅಲ್ಲಿ ನಾಲ್ಕನೆಯದು ಇರಬಹುದು ಅನ್ನುವ ಅನುಮಾನ ರೀಸನರ್‌ಗೆ ಇದ್ದೇ ಇದೆ. ಬೆಳವಾಡಿ ಇಂಡಿವಿಜುವಲ್‌ಗೆ ‘ಗರ್ಭಗುಡಿ_ಇದೆ ಮ್ಯಾಕ್ಸ್ 3’ (ಹೆಚ್ಚೆಂದರೆ ಮೂರು) ಅನ್ನುವ ಟೈಪ್ ಕೊಟ್ಟ ಮೇಲೆ ಸೇರಿಕೊಳ್ಳುತ್ತದೆ. ಪ್ರತಿ ಗುಡಿಗೂ ಹೀಗೆ ಬೇಲಿ ಹಾಕುವುದು ಬೇಜಾರಿನ ಕೆಲಸವೇ.

ರೂಲ್‌ಗೂ ಕ್ಲಾಸ್ ವ್ಯಾಖ್ಯೆಗೂ ಇನ್ನೊಂದು ವ್ಯತ್ಯಾಸ ಇದೆ. ‘ಪ್ರತಿ ಗುಡಿಗೂ ಒಂದಾದರೂ ಗರ್ಭಗುಡಿ ಇರುತ್ತದೆ’ ಅಂತ ಬರೆದು, ಅಮೃತಪುರದ ಗರ್ಭಗುಡಿಗೆ ಹೆಸರು ಕೊಡದೆ ಬಿಟ್ಟಿದ್ದೀರಿ ಅಂದುಕೊಳ್ಳಿ. ಹೆಸರಿಲ್ಲದ ಆ ಗರ್ಭಗುಡಿ ಕ್ಲಾಸ್ ವ್ಯಾಖ್ಯೆಗೆ ಕಾಣುತ್ತದೆ, ರೂಲ್‌ಗೆ ಕಾಣುವುದಿಲ್ಲ. ಪೆಲ್ಲೆಟ್, ಹರ್ಮಿಟ್ ಅನ್ನುವ ರೀಸನರ್‌ಗಳು ಎರಡೂ ರೂಲ್‌ನ ವೇರಿಯಬಲ್‌ಗೆ ಹೆಸರಿರುವ ಇಂಡಿವಿಜುವಲ್‌ಗಳನ್ನು ಮಾತ್ರ ಹಾಕಿ ನೋಡುತ್ತವೆ. ಡಿಎಲ್ ಸೇಫ್ ಅನ್ನುವುದು ಇದಕ್ಕೇ. ಈ ಕಟ್ಟು ಇಲ್ಲದಿದ್ದರೆ ರೀಸನಿಂಗ್ ಮುಗಿದೇ ಮುಗಿಯುತ್ತದೆ ಅನ್ನುವ ಖಾತರಿ ಇರುವುದಿಲ್ಲ.

ಹಾಗಾದರೆ ರೂಲ್ ಎಲ್ಲಿ ಬೇಕೇ ಬೇಕು? ಎರಡು ದಾರಿ ಒಂದೇ ಕಡೆ ಬಂದು ಸೇರಬೇಕಾದಾಗ. ಕಾಫಿ ತೋಟ ಇರುವ ಊರಲ್ಲೇ ಮಾಲೀಕರೂ ಇದ್ದರೆ ಅದನ್ನು ಬೇರೆ ಕ್ಲಾಸಿಗೆ ಹಾಕಬೇಕು ಅಂದುಕೊಳ್ಳಿ (ನಮ್ಮ ಕಡೆ ಮಾಲೀಕರು ಬೆಂಗಳೂರಲ್ಲಿರುವ ತೋಟಗಳೂ ಇವೆಯಲ್ಲ):

ತೋಟ(?ತ) ∧ ಊರು(?ತ, ?ಊ) ∧ ಮಾಲೀಕ(?ತ, ?ಮ) ∧ ವಾಸ(?ಮ, ?ಊ) → ಊರವರ_ತೋಟ(?ತ)

?ಊ ಎರಡು ಕಡೆ ಬಂದಿದೆ ನೋಡಿ. ಎರಡೂ ಒಂದೇ ಊರು ಆಗಿರಬೇಕು ಅಂತ ಹೇಳಲು ಕ್ಲಾಸ್ ವ್ಯಾಖ್ಯೆಯಲ್ಲಿ ಜಾಗವಿಲ್ಲ.

ಎರಡು ಗುಡಿಗಳ ವರ್ಷವನ್ನು ಒಂದಕ್ಕೊಂದು ಹೋಲಿಸುವಾಗಲೂ ರೂಲ್ ಬೇಕು, ಜೊತೆಗೆ ಲೆಸ್‌ದ್ಯಾನ್ ಬಿಲ್ಟ್‌ಇನ್ (‘ಇದಕ್ಕಿಂತ ಕಡಿಮೆ’ ಅಂತ ಹೋಲಿಸುವ, ಸ್ವರ್ಲ್‌ನಲ್ಲೇ ಇರುವ ಸೌಲಭ್ಯ) ಬೇಕು. ಬೇಲೂರಿನ ಗುಡಿಯ ವರ್ಷ 1117ಕ್ಕಿಂತ ಹಳೆಯದು ಅಂತ ಒಂದೇ ಗೊತ್ತಾದ ಸಂಖ್ಯೆ ಇದ್ದರೆ ಕ್ಲಾಸ್ ವ್ಯಾಖ್ಯೆ ಸಾಕು. ಬಿಲ್ಟ್‌ಇನ್ ಹಾಕಿದರೆ ಹರ್ಮಿಟ್ ತಗೊಳ್ಳುವುದಿಲ್ಲ, ಪೆಲ್ಲೆಟ್‌ಗೆ ಬದಲಾಯಿಸಿಕೊಳ್ಳಿ.

ಸುಮ್ನೆ ಫೈಲಿನಲ್ಲಿರುವ ಗರ್ಭಗುಡಿಗಳನ್ನು ಎಣಿಸಿದರೆ ಸಾಕು ಅಂದರೆ ಇಷ್ಟೆಲ್ಲ ಬೇಡ. ಸ್ಪಾರ್ಕಲ್ ಅನ್ನುವ ಕ್ವೆರಿ ಭಾಷೆಯ ಕೌಂಟ್ ಹಾಕಿ. ಅದು ಕಂಡಷ್ಟನ್ನೇ ಎಣಿಸಿ ಬೆಳವಾಡಿಗೆ 3 ಅನ್ನುತ್ತದೆ, ಅನುಮಾನ ಪಡುವುದಿಲ್ಲ.